ಐದು ಊರಿನ ನೀರು

ಹುಚ್ಚೀರಪ್ಪ ಧಣಿಯ ಬೆಟಗೇರಿ ಫ್ಯಾಕ್ಟರಿಯಲ್ಲಿ ಉಡಚವ್ವ ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರೆಂಬುದೇ ಇರಲಿಲ್ಲ. ಅರಳೆ ಬಿಡಿಸುವ, ಶೇಂಗಾ ಒಡೆಯುವ ಯಂತ್ರಗಳ ಮುಂದೆ ಕೂರುವ ಹೆಂಗಸರು ಅವಳನ್ನು ಸುಣ್ಣದ ಮುದುಕಿ ಎನ್ನುತ್ತಿದ್ದರು. ಅವಳು ಆ ಹೆಂಗಸರನ್ನು ಹೆಸರಿಟ್ಟು ಕರೆಯುವ ಗೋಜಿಗೂ ಹೋಗುತ್ತಿರಲಿಲ್ಲ. ಬಾಯಿ ಬಿಟ್ಟು ಬೇರೇನೂ ಬಳಸಿ ಗೊತ್ತಿಲ್ಲದವರು ಅಂತ ಒಟ್ಟಿಗೇ ತಳ್ಳಿಹಾಕಿದ್ದಳು. ಫ್ಯಾಕ್ಟರಿಯಲ್ಲಿ ಅವಳು ಮರ್ಯಾದೆ ಕೊಟ್ಟದ್ದು ಇಬ್ಬರಿಗೆ ಮಾತ್ರ. ಒಬ್ಬ, ಇಪ್ಪತ್ತು ವರ್ಷದ ಹಿಂದೆ ಅವಳಿಗೆ ಕೆಲಸ ಕಲಿಸಿ, ಆಮೇಲೆ ಮುಂಬಯಿಗೆ ಹೋಗಿ ತೀರಿಕೊಂಡ ಪಾರ್ಸಿ ಇಂಜಿನಿಯರು. ಇನ್ನೊಂದು, ಬಾಯ್ಲರು.

ಕೆಲಸವೇನೋ ಸರಳ. ಫ್ಯಾಕ್ಟರಿಯ ಭಾವಿಯ ನೀರು ಬಲು ಗಡುಸು. ಅದರಲ್ಲಿ ತೊಗರಿ ಬೇಳೆ ಮಧ್ಯಾಹ್ನದ ತನಕ ಕುದಿಸಿದರೂ ಕಾಳು ಕಾಳಾಗಿಯೇ ನಿಲ್ಲುತ್ತಿತ್ತು, ಸಾಬೂನು ನೊರೆ ಕಟ್ಟುವ ಬದಲು ಒಡೆದ ಹಾಲಿನ ಹಾಗೆ ತೇಲುತ್ತಿತ್ತು. ಅಂಥ ನೀರನ್ನು ಹಾಗೇ ಬಾಯ್ಲರಿಗೆ ಬಿಟ್ಟರೆ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಆದ್ದರಿಂದ ಉಡಚವ್ವ ದಿನಾ ಸಂಜೆ ಗಚ್ಚಿನ ತೊಟ್ಟಿಯಲ್ಲಿ ಭಾವಿಯ ನೀರು ತುಂಬಿಸಿ, ಅದಕ್ಕೆ ಸುಣ್ಣದ ತಿಳಿ, ಅಗಸರ ಸೋಡಾ ಹಾಕಿ, ಉದ್ದನೆಯ ಹುಟ್ಟಿನಿಂದ ಕಲಕಿ ಬಿಡುತ್ತಿದ್ದಳು. ಬೆಳಗಾಗುವ ಹೊತ್ತಿಗೆ ಗಡುಸೆಲ್ಲ ರಾಡಿಯಾಗಿ ತಳ ಸೇರುತ್ತಿತ್ತು. ಮೇಲಿನ ತಿಳಿಯನ್ನು ಒಂದು ಸಣ್ಣ ಶೀಸೆಯಲ್ಲಿ ಹಿಡಿದು, ಸಾಬೂನಿನ ನೀರನ್ನು ಹನಿ ಹನಿಯಾಗಿ ಬಿಟ್ಟು ಕುಲುಕಿ, ಎಷ್ಟು ಹನಿಗೆ ನೊರೆ ನಿಲ್ಲುತ್ತದೆಂದು ಬೆರಳಲ್ಲಿ ಎಣಿಸುತ್ತಿದ್ದಳು. ಹಸಿ ನೀರಿಗೆ ಮೂವತ್ತಾರು ಹನಿ ಬೇಕು. ಅವಳ ಕೈಯಾಡಿದ ನೀರಿಗೆ ಒಂಬತ್ತು. ಹತ್ತಾಯಿತೆಂದರೆ ಆ ದಿನ ಬಾಯ್ಲರಿಗೆ ನೀರೇ ಬಿಡುತ್ತಿರಲಿಲ್ಲ. ಧಣಿ ಬಂದು ನಿಂತರೂ ಅಷ್ಟೇ.

ಬಾಯ್ಲರೆಂದರೆ ಮಲಗಿಸಿಟ್ಟ ದೊಡ್ಡ ಕಬ್ಬಿಣದ ಉರುಳೆ. ಅದರ ಹೊಟ್ಟೆಯೊಳಗೆ ಉದ್ದಕ್ಕೆ ಒಂದು ದಪ್ಪ ಕೊಳವೆ. ಬೆಂಕಿ ಉರಿಯುವುದು ಆ ಕೊಳವೆಯಲ್ಲಿ, ನೀರು ನಿಲ್ಲುವುದು ಅದರ ಸುತ್ತ ಮತ್ತು ಮೇಲೆ. ಕೊಳವೆಯ ನೆತ್ತಿಯ ಮೇಲೆ ಹಕ್ಕಳೆ ಕಟ್ಟಿದರೆ ಬೆಂಕಿಯ ಕಾವು ನೀರಿಗೆ ಮುಟ್ಟದೆ ಕಬ್ಬಿಣದಲ್ಲೇ ಉಳಿಯುತ್ತದೆ. ಕಬ್ಬಿಣ ಕೆಂಪಗಾಗಿ, ಮೆತ್ತಗಾಗಿ, ಮೇಲಿನ ಉಗಿಯ ಭಾರಕ್ಕೆ ಜೋಲುತ್ತದೆ. ಜೋತದ್ದು ಒಂದು ದಿನ ಬಿರಿಯುತ್ತದೆ. ಬಿರಿದರೆ ಮೊದಲು ಸಿಗುವವನು ಬೆಂಕಿಯ ಬಾಗಿಲ ಮುಂದೆ ಸಲಿಕೆ ಹಿಡಿದು ನಿಂತವನು. ಹಿಡಿದು ನಿಂತವನು ಉಡಚವ್ವನ ಒಬ್ಬನೇ ಮಗ ಲಕ್ಷ್ಮಪ್ಪ.

ಲಕ್ಷ್ಮಪ್ಪನಿಗೆ ಇಪ್ಪತ್ತೆಂಟು. ಬಾಯ್ಲರು ನಡೆಸುವ ಸರ್ಟಿಫಿಕೇಟು ಪಡೆದು, ಅದಕ್ಕೆ ಗಾಜು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದ. ಮೈಯಲ್ಲಿ ಕಸುವಿತ್ತು, ಕೈಯಲ್ಲಿ ಕೆಲಸವಿತ್ತು. ಬೆನ್ನು ಮಾತ್ರ ಧಣಿಯನ್ನು ಕಂಡ ಕೂಡಲೇ ತಾನಾಗಿಯೇ ಬಾಗುತ್ತಿತ್ತು. ಇದು ಎಲ್ಲಿಂದ ಬಂತೋ ಉಡಚವ್ವನಿಗೆ ತಿಳಿಯದು. ತನ್ನ ಕಡೆಯಿಂದಂತೂ ಅಲ್ಲ ಎಂದು ಅವಳು ಸತ್ತ ಗಂಡನ ಮೇಲೆ ಹಾಕಿ ಸಮಾಧಾನ ಮಾಡಿಕೊಂಡಿದ್ದಳು.

ಇನ್ನು ಧಣಿ. ಬ್ರಿಟಿಷರ ಕಾಲದಲ್ಲಿ ಕಲೆಕ್ಟರ ಸಾಹೇಬ ಗದಗಿಗೆ ಬಂದಾಗಲೆಲ್ಲ ಹುಚ್ಚೀರಪ್ಪ ಮಾಲೆ ಹಿಡಿದು ಸ್ಟೇಶನ್ನಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುತ್ತಿದ್ದ. ಸ್ವಾತಂತ್ರ್ಯ ಬಂದ ಮರುದಿನವೇ ಬಿಳಿ ಟೊಪ್ಪಿಗೆ ಹಾಕಿಕೊಂಡು ತಾನು ಮೊದಲಿಂದಲೂ ಹೀಗೇ ಇದ್ದೆ ಎನ್ನುವ ಮುಖ ಮಾಡಿಕೊಂಡ. ಈಗ, ಐವತ್ತಾರನೆಯ ಇಸವಿಯಲ್ಲಿ, ಕನ್ನಡದ ಸೀಮೆಗಳೆಲ್ಲ ಒಂದಾಗುತ್ತವೆ, ನವೆಂಬರ ಒಂದನೆಯ ತಾರೀಖಿಗೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರುತ್ತೇವೆ ಎಂಬ ಸುದ್ದಿ ಖಚಿತವಾದಾಗ, ಧಣಿಗೆ ನಾಡಿನ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು. ಲಾಠಿಯ ಪೆಟ್ಟು ತಿಂದು ಜೇಲಿಗೆ ಹೋಗಿ ಬಂದವರು ಊರಲ್ಲಿ ಇನ್ನೂ ಇದ್ದರು. ಅವರು ಸುಮ್ಮನಿದ್ದರು. ಮಾತಾಡಿದ್ದೆಲ್ಲ ಧಣಿ.

ಧಣಿಗೊಬ್ಬ ಅಳಿಯ ಸಂಗಪ್ಪ, ಫ್ಯಾಕ್ಟರಿಯ ಮ್ಯಾನೇಜರು. ಮಾವ ಕೆಮ್ಮಿದರೆ ತಾನು ಎದೆ ನೀವಿಕೊಳ್ಳುವ ಪೈಕಿ. ಆ ವರ್ಷ ದೀಪಾವಳಿಯ ನೀರು ತುಂಬುವ ಹಬ್ಬ ಸರಿಯಾಗಿ ಅದೇ ಹೊತ್ತಿಗೆ ಬಂದದ್ದನ್ನು ಪಂಚಾಂಗದಲ್ಲಿ ಕಂಡುಹಿಡಿದವನು ಅವನೇ. ಆ ಹಬ್ಬದ ಸಂಜೆ ಎಲ್ಲರ ಮನೆಯಲ್ಲೂ ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಬೆಳಗಾದರೆ ಆ ನೀರಲ್ಲೇ ಎಣ್ಣೆಸ್ನಾನ.

"ಮಾವನವ್ರ, ನಮ್ಮ ಬಾಯ್ಲರ್ ಅಂದ್ರ ಊರಿಗೆಲ್ಲಾ ದೊಡ್ಡ ಹಂಡೆ ಇದ್ದಂಗ್ರಿ," ಎಂದ ಸಂಗಪ್ಪ, ಬಾಯ್ಲರ್ ಮನೆಯಲ್ಲೇ, ಉಡಚವ್ವನ ಎದುರಿಗೆ. "ಐದು ಊರಿನ ನೀರು ತಂದು ಅದರಾಗ ತುಂಬೋಣು. ಒಂದನೇ ತಾರೀಖ ಮುಂಜಾನಿ ಅದ ಉಗಿಲಿಂದ ಫ್ಯಾಕ್ಟರಿ ಸೀಟಿ ಊದಿಸೋಣು. ಐದೂ ಊರು ಒಂದ ದನೀಲೆ ಕೂಗಿದಂಗ ಆಗ್ತೈತಿ."

ಇಷ್ಟು ದೊಡ್ಡ ಮೂರ್ಖತನ ಒಬ್ಬನೇ ಮನುಷ್ಯನ ತಲೆಯಿಂದ ಒಂದೇ ಉಸಿರಿನಲ್ಲಿ ಹೊರಬಂದದ್ದನ್ನು ಉಡಚವ್ವ ಜೀವಮಾನದಲ್ಲಿ ಕಂಡಿರಲಿಲ್ಲ. ಧಣಿಯ ಕಣ್ಣಲ್ಲಿ ಮಾತ್ರ ನೀರು ಬಂತು.

ಐದು ಊರೆಂದರೆ ಬೆಟಗೇರಿಯ ಸ್ವಂತ ಭಾವಿ, ಲಕ್ಕುಂಡಿಯ ಮೆಟ್ಟಿಲ ಭಾವಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ. ಶಿರಹಟ್ಟಿ ಮೊದಲು ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಎರಡೂ ಕಡೆ ರಾಜರ ಆಳ್ವಿಕೆ ಹೋಗಿ ಎಂಟು ವರ್ಷವಾಗಿತ್ತು. ಆ ಊರವರೆಲ್ಲ ತಲೆತಲಾಂತರದಿಂದ ಗದಗಿನ ಪೇಟೆಗೇ ಹತ್ತಿ ಹೇರಿಕೊಂಡು ಬರುತ್ತಿದ್ದರು, ಇಲ್ಲಿಯೇ ಹೆಣ್ಣು ಕೊಟ್ಟು ತರುತ್ತಿದ್ದರು. ಎಂದೂ ಬೇರಾಗದವರನ್ನು ಕೂಡಿಸಿದ ಕೀರ್ತಿ ಈಗ ಹುಚ್ಚೀರಪ್ಪನದು.

ಅಷ್ಟಕ್ಕೇ ಮುಗಿಯಲಿಲ್ಲ. ಸಮಾರಂಭಕ್ಕೆ ಬರುವ ಸಾವಿರಾರು ಜನಕ್ಕೆ ಪಾನಕ ಕೊಡಬೇಕು, ಪಾನಕ ಕಲಸಲು ದೊಡ್ಡ ಪಾತ್ರೆ ಬೇಕು. ಫ್ಯಾಕ್ಟರಿಯಲ್ಲಿ ಅಷ್ಟು ದೊಡ್ಡದಿದ್ದದ್ದು ಒಂದೇ, ಉಡಚವ್ವನ ತೊಟ್ಟಿ. ದಸರೆ ಮುಗಿದ ಮರುದಿನವೇ ಸಂಗಪ್ಪ ಆಳುಗಳನ್ನು ಕರೆತಂದು ತೊಟ್ಟಿಯೊಳಗಿನ ಸುಣ್ಣದ ರಾಡಿಯನ್ನೆಲ್ಲ ಎತ್ತಿಸಿ ಬಾಯ್ಲರ್ ಮನೆಯ ಬಾಗಿಲ ಪಕ್ಕದಲ್ಲಿ ಗುಡ್ಡೆ ಹಾಕಿಸಿದ. ತೊಟ್ಟಿಗೆ ಹೊರಗಿನಿಂದ ಬಣ್ಣ ಹಚ್ಚಿ ಕರ್ನಾಟಕದ ನಕಾಶೆ ಬರೆಸಿದ. ಬರೆದವನು ಬೀದರನ್ನು ಎಲ್ಲಿಡಬೇಕೆಂದು ತಿಳಿಯದೆ ಮೂಲೆಯಲ್ಲಿ ಒಂದು ತಾವರೆ ಬರೆದಿದ್ದ.

ಉಡಚವ್ವ ಶೀಸೆ ಹಿಡಿದು ಧಣಿಯ ಗಾದಿಯ ಮುಂದೆ ಹೋಗಿ ನಿಂತಳು. ಅವನ ಕಣ್ಣೆದುರೇ ಭಾವಿಯ ನೀರು ಹಾಕಿ, ಸಾಬೂನಿನ ಹನಿ ಬಿಟ್ಟು, ಕುಲುಕಿ ತೋರಿಸಿದಳು. ಮೂವತ್ತಾರರ ತನಕ ಬೆರಳು ಎಣಿಸಿದಳು.

"ತೊಟ್ಟಿ ಇಲ್ಲಂದ್ರ ಬಾಯ್ಲರಿಗೆ ಹಸಿ ನೀರ ಹೋಗ್ತೈತ್ರಿ. ಮೂರು ವಾರ ಶೇಂಗಾ ಒಡಿಯೂ ಯಂತ್ರ ನಡೀಬೇಕು. ಅದರ ಮ್ಯಾಲ ಐದೂರಿನ ಗಡಸ ನೀರು. ಕೊಳವಿ ನೆತ್ತಿ ಸುಟ್ಟು ಹೋಗ್ತೈತಿ ಧಣ್ಯಾರ."

"ಉಡಚವ್ವಾ, ನಿನ್ನ ಬಾಯ್ಲರ್ ಏನ್ ಬ್ಯಾಳಿ ಕುದಸ್ತದೇನು?" ಎಂದ ಧಣಿ. ಗಾದಿಯ ಸುತ್ತ ಕೂತವರೆಲ್ಲ ನಕ್ಕರು. ಮೊದಲು ನಕ್ಕವನು ಸಂಗಪ್ಪ. "ನಮ್ಮ ನೆಲದ ನೀರಿಗೆ ಔಷಧ ಹಾಕಬೇಕು ಅಂತೀಯಲ್ಲ, ನಾಚಿಕಿ ಆಗಂಗಿಲ್ಲ? ಅದು ಪಾರ್ಸೀ ಬುದ್ಧಿ. ಇನ್ನ ಮ್ಯಾಲ ನಮ್ಮ ರಾಜ್ಯ, ನಮ್ಮ ನೀರು."

ಅಷ್ಟು ಹೇಳಿ ಧಣಿ ತಂಬಿಗೆ ಎತ್ತಿ ಗಟಗಟನೆ ಕುಡಿದ. ಆ ತಂಬಿಗೆಯಲ್ಲಿದ್ದದ್ದು ಕೆರೆಯ ಸಿಹಿನೀರು. ಧಣಿಯ ಮನೆಗೆ ದಿನಾ ಬೆಳಗ್ಗೆ ಗಾಡಿಯ ಮೇಲೆ ಅದು ಬೇರೆಯಾಗಿ ಬರುತ್ತಿತ್ತು, ಏಕೆಂದರೆ ನಮ್ಮ ನೆಲದ ಭಾವಿಯ ನೀರಲ್ಲಿ ಧಣಿಯ ಮನೆಯ ಬೇಳೆಯೂ ಬೇಯುತ್ತಿರಲಿಲ್ಲ.

"ಈ ತಿಂಗಳದಾಗ ಬಾಯ್ಲರ್ ಇನ್ಸ್‌ಪೆಕ್ಟರ್ ಬರಬೇಕಲ್ರೀ, ಅವರನ್ನರೆ ಕೇಳ್ರಿ," ಎಂದಳು ಉಡಚವ್ವ.

"ಮುಂಬಯಿಯಾಂವ ಇನ್ನ ಬರಂಗಿಲ್ಲ. ಮೈಸೂರಾಂವ ಇನ್ನೂ ಬಂದಿಲ್ಲ," ಎಂದು ಸಂಗಪ್ಪ ಕೈ ಅಗಲಿಸಿದ. "ನಡುವ ನಾವ ಇನ್ಸ್‌ಪೆಕ್ಟರ್ ನೋಡು." ಮತ್ತೆ ನಗೆ. ಉಡಚವ್ವ ಶೀಸೆಯ ನೀರನ್ನು ಗಾದಿಯ ಅಂಚಿಗೆ ತಾಗುವ ಹಾಗೆ ಚೆಲ್ಲಿ ಹೊರಗೆ ಬಂದಳು.

ಮೂರು ವಾರ ಬಾಯ್ಲರು ಹಸಿ ನೀರು ಕುಡಿಯಿತು. ಆಮೇಲೆ ಹಬ್ಬದ ಸಂಜೆ ಬಂತು. ಅಷ್ಟರಲ್ಲಿ ಬೆಂಕಿ ಆರಿಸಿ ಬಾಯ್ಲರನ್ನು ಬರಿದು ಮಾಡಿದ್ದರು. ಎತ್ತಿನ ಗಾಡಿಗಳ ಮೇಲೆ ಪೀಪಾಯಿಗಟ್ಟಲೆ ನೀರು ಬಂತು, ಪೀಪಾಯಿಗೊಂದು ಮಾವಿನ ತೋರಣ. ಲಕ್ಕುಂಡಿಯ ನೀರಿಗೆ ಪಾಚಿಯ ವಾಸನೆ, ಮುಂಡರಗಿಯದಕ್ಕೆ ಕಪ್ಪು ಮಣ್ಣಿನ ಬಣ್ಣ. ಶಿರಹಟ್ಟಿ, ಲಕ್ಷ್ಮೇಶ್ವರದವರು ಯಾರ ಪೀಪಾಯಿ ಮೊದಲು ಎಂದು ಅರ್ಧ ತಾಸು ಜಗಳಾಡಿದರು. ಬಾಯ್ಲರಿನ ನೆತ್ತಿಗೆ ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದಿದ್ದರು, ಥೇಟು ಹಂಡೆಗೆ ಎಳೆಯುವ ಹಾಗೆಯೇ. ಧಣಿಯ ಹೆಂಡತಿ ನೀಲಗಂಗವ್ವ ಏಣಿ ಹತ್ತಿ, ತೊಳೆಯಲು ಆಳು ಇಳಿಯುವ ಮೇಲಿನ ಬಾಯಿಯಿಂದ ಅರಿಷಿಣ ಕುಂಕುಮ ಹಾಕಿದಳು. ಅವಳ ಹಿಂದೆ ಊರ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಚೊಂಬಿನಲ್ಲಿ ತಂದ ಹಾಲು ಸುರಿದರು. ಕೆಲವರು ತುಪ್ಪ ಸುರಿದರು. ಕೊನೆಗೆ ಸಂಗಪ್ಪ ಮೊದಲ ಪಾನಕ ಬಾಯ್ಲರಿಗೇ ಸಲ್ಲಬೇಕೆಂದು ನಾಲ್ಕು ಕೊಡ ಬೆಲ್ಲದ ನೀರು ಹೊತ್ತು ತಂದು ಗುಳುಗುಳು ಸುರಿಸಿದ. ಜನ ಜಯಕಾರ ಹಾಕಿದರು.

ಮನೆಗೆ ಬಂದ ಮಗನಿಗೆ ರೊಟ್ಟಿ ಬಡಿಸಿ ಎದುರಿಗೆ ಕೂತಳು.

"ಲಕ್ಷ್ಮಾ, ನಾಳೆ ಅದಕ್ಕ ಬೆಂಕಿ ಹಚ್ಚಬ್ಯಾಡ. ಜ್ವರಾ ಬಂದೈತಿ ಅನ್ನು. ಕಾಲ ಉಳುಕೈತಿ ಅನ್ನು. ಏನರೆ ಅನ್ನು."

"ಯವ್ವಾ, ಧಣ್ಯಾರು ನಾಳೆ ಎಲ್ಲಾರ ಮುಂದ ನನ್ನ ಹೆಸರ ಹೇಳೋರದಾರ. ಮಿಸ್ತ್ರಿ ಮಾಡ್ತೀನಿ ಅಂದಾರ."

"ಹಾಲು ಬೆಲ್ಲ ತುಪ್ಪ ಕುದ್ರ ನೊರಿ ಏಳ್ತೈತಿ. ನೀರಿನ ಮಟ್ಟ ನೋಡೂ ಗಾಜಿನ್ಯಾಗ ತುಂಬೇತಿ ಅಂತ ಕಾಣ್ತೈತಿ, ಒಳಗ ಕೊಳವಿ ನೆತ್ತಿ ಬರಿದಾಗಿರ್ತೈತಿ. ಇದು ನಿನಗ ಗೊತ್ತಿಲ್ಲೇನು? ಗ್ವಾಡಿಗೆ ಹಾಕಿದ ಕಾಗದದಾಗ ಬರದಿಲ್ಲೇನು?"

ಲಕ್ಷ್ಮಪ್ಪನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವನಿಗೆ ಸಿಟ್ಟು ಬಂತು.

"ಒಂದ ದಿನಕ್ಕ ಏನಾಗಂಗಿಲ್ಲ ಬಿಡಬೇ. ನಿನಗ ಸುಣ್ಣ ಕಲಸೋ ಕೆಲಸ ಹೋತಲ್ಲ, ಅದಕ್ಕ ಹೊಟ್ಟಿ ಉರಿ," ಎಂದು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ.

ಉಡಚವ್ವನಿಗೆ ಮಗನ ಮೇಲೆ ಹೇಸಿಕೆ ಹುಟ್ಟಿತು. ಹೆತ್ತ ಮಗನ ಮೇಲೆ ಹೇಸಿಕೆ ಪಡಬಾರದೆಂದು ಅವಳಿಗೂ ತಿಳಿದಿತ್ತು. ಆದರೂ ಹುಟ್ಟಿತು.

ಬೆಳಿಗ್ಗೆ ಫ್ಯಾಕ್ಟರಿಯ ಅಂಗಳ ತುಂಬ ಜನ. ಬಾಯ್ಲರ್ ಮನೆಯ ಎದುರಿಗೇ ಚಪ್ಪರ, ಚಪ್ಪರದ ಮೇಲೆ ಧಣಿ, ಧಣಿಯ ಕೈಗೆ ಸಿಗುವ ಹಾಗೆ ಸೀಟಿಯ ಹಗ್ಗ. ಆ ಹಗ್ಗಕ್ಕೆ ಸೇವಂತಿಗೆ ಸುತ್ತಿದ್ದರು. ಧಣಿ ಭಾಷಣ ಶುರು ಮಾಡಿದ. ಹಂಪಿಯಿಂದ ಹೊರಟು, ನಡುವೆ ತನ್ನ ತೀರಿಹೋದ ತಂದೆಯನ್ನು ಎರಡು ಸಲ ಹೊಗಳಿ, ಇನ್ನೂ ಚಾಲುಕ್ಯರ ಹತ್ತಿರವೇ ಸುಳಿದಾಡುತ್ತಿದ್ದ.

ಉಡಚವ್ವ ಬಾಯ್ಲರ್ ಮನೆಯ ಬಾಗಿಲಲ್ಲಿ ನಿಂತು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನೇ ನೋಡುತ್ತಿದ್ದಳು. ಕೊಳವೆ ತುಂಬಿತ್ತು. ಆದರೆ ಒಳಗಿನದು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಹಳದಿಯಾಗಿ ಏರುತ್ತ ಇಳಿಯುತ್ತ ಕುಣಿಯುತ್ತಿತ್ತು. ಸುಟ್ಟ ಬೆಲ್ಲದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಲಕ್ಷ್ಮಪ್ಪ ಹೊಸ ಅಂಗಿ ಹಾಕಿಕೊಂಡು, ಸಲಿಕೆ ಹಿಡಿದು, ತನ್ನ ಹೆಸರು ಯಾವಾಗ ಬರುತ್ತದೋ ಎಂದು ಚಪ್ಪರದ ಕಡೆಗೇ ಕಿವಿ ಇಟ್ಟಿದ್ದ.

ಕೊನೆಗೂ ಧಣಿ ಹಗ್ಗ ಎಳೆದ.

ಸೀಟಿ ಕೂಗಲಿಲ್ಲ. ಮುದಿ ಎಮ್ಮೆಯ ಹಾಗೆ ಒಮ್ಮೆ ಕೆಮ್ಮಿತು. ಮರುಗಳಿಗೆ ಅದರ ಬಾಯಿಂದ ಹಳದಿ ನೊರೆ ಬುಸ್ಸನೆ ಚಿಮ್ಮಿ, ಚಪ್ಪರದ ಮೇಲೂ, ಧಣಿಯ ಬಿಳಿ ಟೊಪ್ಪಿಗೆಯ ಮೇಲೂ, ಮುಂದಿನ ಸಾಲಿನ ಗಣ್ಯರ ಮೇಲೂ ಬಿತ್ತು. ಹಿಂದಿನವರು ಹೋ ಎಂದು ನಕ್ಕರು. ಧಣಿ ಮತ್ತೆ ಎಳೆದ. ಮತ್ತೆ ನೊರೆ. ಐದೂ ಊರಿನ ಒಂದೇ ದನಿ ಎಂದರೆ ಇದು.

ಸಂಗಪ್ಪ ಓಡಿ ಬಂದ. "ಉಗಿ ಸಾಲವಲ್ದು! ಬೆಂಕಿ ಜೋರ ಮಾಡಲೇ ಲಕ್ಷ್ಮಪ್ಪಾ! ಮಾನ ಹೋಗಾಕ ಹತ್ತೈತಿ!"

ಲಕ್ಷ್ಮಪ್ಪ ಸಲಿಕೆ ತುಂಬ ಇದ್ದಿಲು ಎತ್ತಿ ಬೆಂಕಿಯ ಬಾಗಿಲು ತೆರೆದ. ಅವನ ಹೆಗಲ ಮೇಲಿಂದ ಉಡಚವ್ವ ಒಳಗೆ ಇಣುಕಿದಳು. ಉರಿಯ ಮೇಲೆ, ಕೊಳವೆಯ ನೆತ್ತಿಯಲ್ಲಿ, ಕಪ್ಪಗಿರಬೇಕಾದ ಕಬ್ಬಿಣ ಮಂಕು ಕೆಂಪಾಗಿ ಕಂಡಿತು.

ಅವಳು ಮಗನ ಕೈಯಿಂದ ಸಲಿಕೆ ಕಿತ್ತುಕೊಂಡಳು. ಬಾಗಿಲ ಪಕ್ಕದಲ್ಲಿ ಗುಡ್ಡೆ ಬಿದ್ದಿದ್ದ ಸುಣ್ಣದ ಹಸಿ ರಾಡಿಯನ್ನು ಎತ್ತಿ ಎತ್ತಿ ಉರಿಯ ಮೇಲೆ ಒಗೆದಳು. ಐವತ್ತು ದಾಟಿದ ಹೆಂಗಸು, ಆದರೆ ಇಪ್ಪತ್ತು ವರ್ಷ ಹುಟ್ಟು ಹಾಕಿದ ತೋಳು. ತಡೆಯಲು ಬಂದ ಸಂಗಪ್ಪನ ಎದೆಯ ಮೇಲೂ ಒಂದು ಸಲಿಕೆ ರಾಡಿ ಬಿತ್ತು. ಬೆಂಕಿ ಬುಸುಗುಟ್ಟಿ, ಹೊಗೆ ಎಬ್ಬಿಸಿ, ಸತ್ತಿತು. ನೀಲಗಂಗವ್ವ ಆರತಿ ತಟ್ಟೆ ಹಿಡಿದು ಚಪ್ಪರದ ಕಂಬಕ್ಕೆ ಆತು ನಿಂತಿದ್ದಳು, ಯಾರೂ ಅವಳಿಗೆ ಏನು ಮಾಡಬೇಕೆಂದು ಹೇಳಲಿಲ್ಲ.

"ನಾಡು ಹುಟ್ಟೂ ಗಳಿಗ್ಯಾಗ ಬೆಂಕಿ ಆರಿಸಿದ ಮಾರಿ!" ಎಂದು ಧಣಿ ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದ. ಮೀಸೆಯಿಂದ ಇನ್ನೂ ನೊರೆ ಇಳಿಯುತ್ತಿತ್ತು. "ನಾಳಿಂದ ಇಕಿ ಫ್ಯಾಕ್ಟರಿ ಮೆಟ್ಟಲ ಹತ್ತಬಾರದು!" ಜನವೂ ಅವಳನ್ನೇ ಬೈದರು. ಅವರಿಗೆ ಏನೂ ಆಗಿರಲಿಲ್ಲ, ಆದ್ದರಿಂದ ಏನೂ ಆಗುವುದಿರಲಿಲ್ಲ ಎಂದೇ ಅವರ ತಿಳಿವಳಿಕೆ. ಹೆಸರು ಕೂಗಿಸಿಕೊಳ್ಳದೆ ಉಳಿದ ಲಕ್ಷ್ಮಪ್ಪ ತಾಯಿಯ ಮುಖ ನೋಡಲಿಲ್ಲ. ಎರಡು ದಿನ ಮನೆಗೇ ಬರಲಿಲ್ಲ. ದೀಪಾವಳಿ ಅಮಾವಾಸ್ಯೆಯ ಹೋಳಿಗೆಯನ್ನೂ ಎಲ್ಲೋ ಗೆಳೆಯರ ಮನೆಯಲ್ಲಿ ತಿಂದನಂತೆ.

ಮೂರನೆಯ ದಿನ ಬಾಯ್ಲರು ಪೂರ್ತಿ ಆರಿತ್ತು. ಒಳಗಿನ ನೀರನ್ನೆಲ್ಲ ಹೊರಗೆ ಬಿಟ್ಟು, ಮೇಲಿನ ಬಾಯಿಯ ಮುಚ್ಚಳ ತೆಗೆದಿಟ್ಟಿದ್ದರು. ಹೊರಗೆ ಶೇಂಗಾ ಹೇರಿದ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಗೇಟಿನ ಕಾವಲುಗಾರ ದಾದಾಪೀರ ಉಡಚವ್ವ ಬಂದದ್ದನ್ನು ಕಂಡೂ ಕಾಣದವನ ಹಾಗೆ ಬೀಡಿ ಹಚ್ಚಲು ಆ ಕಡೆ ತಿರುಗಿದ. ಅವಳು ಹೋಗಿ ಬಾಯ್ಲರ್ ಮನೆಯ ಮೂಲೆಯಲ್ಲಿ ನಿಂತಳು.

ಲಕ್ಷ್ಮಪ್ಪ ಕಂದೀಲು ಹಿಡಿದು ಬೆಂಕಿಯ ಬಾಗಿಲಿನಿಂದ ಕೊಳವೆಯೊಳಗೆ ಹೊಕ್ಕಿದ್ದ. ಧಣಿ, ಸಂಗಪ್ಪ ಹೊರಗೆ ಕಾಯುತ್ತಿದ್ದರು. ಬಹಳ ಹೊತ್ತಾಯಿತು. ಒಳಗಿನಿಂದ ಕಂದೀಲಿನ ಬೆಳಕು ಒಂದೇ ಕಡೆ ನಿಂತುಬಿಟ್ಟದ್ದು ಕಾಣುತ್ತಿತ್ತು. ಕೊನೆಗೆ ಅವನು ತೆವಳಿಕೊಂಡು ಹೊರಬಂದ. ಮುಖ ಬಿಳಿಚಿಕೊಂಡಿತ್ತು.

"ಏನಾಗೇತಿ?" ಎಂದ ಧಣಿ. ಆ ಕೇಳುವ ಧಾಟಿಯಲ್ಲೇ ಯಾವ ಉತ್ತರ ಬೇಕೆಂಬುದೂ ಇತ್ತು.

ಲಕ್ಷ್ಮಪ್ಪ ತನ್ನ ಕಾಲ ಬೆರಳು ನೋಡಿಕೊಂಡ. "ಏನಿಲ್ರಿ ಧಣ್ಯಾರ. ಎಲ್ಲಾ ಚಲೋ ಐತಿ."

"ನಾ ಮದ್ಲ ಹೇಳಿದ್ನೆಲ್ಲ," ಎಂದ ಸಂಗಪ್ಪ. "ಆ ಮುದುಕಿಗೆ ತಲಿ ಕೆಟ್ಟೈತಿ."

"ಹೌದ್ರಿ," ಎಂದ ಲಕ್ಷ್ಮಪ್ಪ.

"ಆತು ಹಂಗಾರ. ಭಾವಿ ನೀರು ತುಂಬ್ರಿ. ಮಧ್ಯಾಹ್ನಕ್ಕ ಬೆಂಕಿ ಹಚ್ಚು. ಗಾಡಿ ನಿಂತಾವು."

ಉಡಚವ್ವ ಮೂಲೆಯಲ್ಲಿ ನಿಂತೇ ಇದ್ದಳು. ಧಣಿಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಧಣಿ ಎಂದಿನಿಂದಲೂ ಅಷ್ಟೇ, ಟೊಪ್ಪಿಗೆಯ ಕೆಳಗೆ ಏನೂ ಇಲ್ಲದವನು. ಸಂಗಪ್ಪನ ವಿಷಯ ಯೋಚಿಸುವುದೂ ದಂಡ. ಆದರೆ ತನ್ನ ಮಗ ಕಣ್ಣಾರೆ ಕಂಡದ್ದನ್ನು ನುಂಗಿಕೊಂಡು, ತನ್ನ ಸಾವಿಗೆ ತಾನೇ ಇದ್ದಿಲು ಹಾಕಲು ಒಪ್ಪಿಕೊಂಡನಲ್ಲ, ಅದೂ ಒಂದು ಮಿಸ್ತ್ರಿ ಎಂಬ ಹೆಸರಿಗೆ. ಇವನನ್ನು ಉಳಿಸಲಿಕ್ಕೆ ತಾನು ಊರೆಲ್ಲರ ಬಾಯಿಗೆ ಬಿದ್ದೆನೇ ಅಂದುಕೊಂಡಳು. ಉಳಿಸದೆ ಬಿಟ್ಟರೂ ಆಗುತ್ತಿರಲಿಲ್ಲ. ಎಂಥವನಾದರೂ ಇರುವುದು ಅವನೊಬ್ಬನೇ.

ಅವಳು ಸೀರೆಯ ಕಚ್ಚೆ ಬಿಗಿದು, ಏಣಿ ಹತ್ತಿ, ಬಾಯ್ಲರಿನ ಮೇಲಿನ ಬಾಯಿಯಿಂದ ಕಾಲು ಇಳಿಬಿಟ್ಟಳು. ಯಾರಾದರೂ "ಏಯ್" ಎನ್ನುವಷ್ಟರಲ್ಲಿ ಪೂರ್ತಿ ಒಳಗೆ ಇಳಿದಾಗಿತ್ತು.

ಒಳಗೆ ಕತ್ತಲೆ, ಸುಟ್ಟ ಬೆಲ್ಲದ ಕಮಟು. ಕೊಳವೆಯ ಬೆನ್ನ ಮೇಲೆ ಮೊಣಕಾಲೂರಿ ಮುಂದೆ ತೆವಳುತ್ತ ಅಂಗೈಯಿಂದ ತಡವಿದಳು. ಹಾಲು, ಬೆಲ್ಲ, ಕುಂಕುಮ ಎಲ್ಲ ಹಕ್ಕಳೆಯ ಜೊತೆ ಕೂಡಿ ಇಟ್ಟಂಗಿಯ ಹಾಗೆ ಬೆಂದಿತ್ತು. ಬೆಂಕಿಯ ಬಾಗಿಲಿನಿಂದ ಎರಡು ಮಾರು ದೂರದಲ್ಲಿ ಅವಳ ಕೈ ತಗ್ಗಿಗಿಳಿಯಿತು. ಕಬ್ಬಿಣ ಕೆಳಕ್ಕೆ ಕುಸಿದು, ಒಂದು ಮೊಳದಷ್ಟು ಅಗಲ, ರೊಟ್ಟಿ ನಾದುವ ಕೊಣಮಿಗೆಯಷ್ಟು ಆಳವಾಗಿತ್ತು. ಅವಳು ಅಲ್ಲೇ ಕೂತಳು.

"ಹೊರಗ ಬಾಬೇ!" ಲಕ್ಷ್ಮಪ್ಪ ಏಣಿ ಹತ್ತಿ ಮೇಲಿನ ಬಾಯಿಯಲ್ಲಿ ತಲೆ ತೂರಿಸಿ ಕೂಗಿದ.

"ಇಲ್ಲೇ ಕುಂತೀನಿ. ನೀರು ಬಿಡ್ರಿ, ಬೆಂಕಿ ಹಚ್ಚ್ರಿ. ಮೈಸೂರಿನ ಇನ್ಸ್‌ಪೆಕ್ಟರ್ ಬರೂತನಕ ನಾ ಏಳಂಗಿಲ್ಲ."

ಧಣಿ ಅವಳನ್ನು ಎಳೆದು ಹಾಕಿರೆಂದ. ಆ ಬಾಯಿಯಲ್ಲಿ ಒಂದು ಸಲಕ್ಕೆ ಒಬ್ಬರೇ ತೂರಬೇಕು, ಒಳಗೆ ಕತ್ತಲೆ, ಉಡಚವ್ವನ ಕೈಯಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸದ್ದು ಕೇಳಿ ಬಂದ ದಾದಾಪೀರ ಕೈ ಕಟ್ಟಿಕೊಂಡು ಗೋಡೆಗೆ ಆತು ನಿಂತ. ಗಾಡಿಯವರೂ, ಯಂತ್ರದ ಹೆಂಗಸರೂ ಬಾಗಿಲ ತುಂಬ ನೆರೆದರು.

ಸಂಗಪ್ಪನಿಗೆ ಉಪಾಯ ಹೊಳೆಯಿತು. ಅವನಿಗೆ ಹೊಳೆಯದ ದಿನವೇ ಇರಲಿಲ್ಲ. "ಕೊಳವ್ಯಾಗ ಎರಡ ಪುಳ್ಳಿ ಹಚ್ಚ್ರಿ ಸಾಕು. ಕಾವು ತಟ್ಟಿದ ಕೂಡ್ಲೆ ಬಿಲದಾಗಿನ ಇಲಿ ಬಂದಂಗ ಬರ್ತಾಳ."

"ಹಚ್ಚಲೇ," ಎಂದ ಧಣಿ, ಕಡ್ಡಿಪೆಟ್ಟಿಗೆಯನ್ನು ಲಕ್ಷ್ಮಪ್ಪನ ಕೈಗೆ ತುರುಕಿ. "ಬಾಯ್ಲರ್ ಚಲೋ ಐತಿ ಅಂದೀಯಲ್ಲ. ಹಚ್ಚು."

ಲಕ್ಷ್ಮಪ್ಪ ಬೆಂಕಿಯ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಯಾರೋ ಪುಳ್ಳೆ ತಂದು ಒಳಗೆ ಇಟ್ಟರು. ಅವನು ಕಡ್ಡಿ ತೆಗೆದ. ಕೊರೆಯಲಿಲ್ಲ. ಒಳಗಿನಿಂದ ತಾಯಿಯ ದನಿ ಕಬ್ಬಿಣದಲ್ಲಿ ಗುಂಯ್‌ಗುಟ್ಟಿಕೊಂಡು ಬಂತು.

"ಹಚ್ಚಲೇ ಲಕ್ಷ್ಮಾ. ಯಾಕ ತಡಾ ಮಾಡ್ತಿ? ನಾ ತಗ್ಗಿನ ಮ್ಯಾಲ ಕುಂತೀನಿ. ನೀ ಕೆಳಗಿಂದ ನೋಡಿದೆಲ್ಲ, ಅದ ತಗ್ಗು."

ಲಕ್ಷ್ಮಪ್ಪನ ಬೆರಳಲ್ಲಿ ಕಡ್ಡಿ ಮುರಿಯಿತು. ಇನ್ನೊಂದು ತೆಗೆದ. ಪೆಟ್ಟಿಗೆಯೇ ಕೈಜಾರಿ ಕೆಳಗೆ ಬಿದ್ದು ಕಡ್ಡಿಗಳು ಚೆಲ್ಲಾಪಿಲ್ಲಿಯಾದವು. ಅವನು ಅವನ್ನು ಆರಿಸಿಕೊಳ್ಳಲಿಲ್ಲ.

"ಜೋತೈತ್ರಿ," ಎಂದ, ತನಗೆ ತಾನೇ ಹೇಳಿಕೊಂಡ ಹಾಗೆ.

"ಏನಂದಿ?" ಎಂದ ಧಣಿ.

"ಕೊಳವಿ ನೆತ್ತಿ ಜೋತೈತ್ರಿ ಧಣ್ಯಾರ. ಮೊಳದಷ್ಟು. ಇನ್ನೊಮ್ಮೆ ಉಗಿ ಏರಿದ್ರ ಒಡೀತೈತಿ. ನಾನೂ ಉಳ್ಯಾಂಗಿಲ್ಲ, ಗ್ವಾಡಿ ಆಚಿಗಿನ ಹೆಂಗಸ್ರೂ ಉಳ್ಯಾಂಗಿಲ್ಲ. ನಾ ಸುಳ್ಳು ಹೇಳಿದ್ನಿ. ನಮ್ಮವ್ವನ ತಲಿ ಕೆಟ್ಟಿಲ್ಲ."

ಸಂಗಪ್ಪ ಮಾವನ ಮುಖ ನೋಡಿದ, ಈಗ ಯಾವ ಮುಖ ಮಾಡಬೇಕೆಂದು ತಿಳಿದುಕೊಳ್ಳಲು. ಮಾವನ ಮುಖದಲ್ಲಿ ಏನೂ ಇರಲಿಲ್ಲ.

"ಕೇಳಸ್ಲಿಲ್ಲ," ಎಂದಿತು ಒಳಗಿನ ದನಿ. "ಎದ್ದು ನಿಂತು ಹೇಳು. ಗೇಟಿನ ಹೊರಗ ಗಾಡಿ ನಿಂದ್ರಿಸ್ಯಾರಲ್ಲ, ಅವರಿಗೂ ಕೇಳಸ್ಬೇಕು."

ಲಕ್ಷ್ಮಪ್ಪ ಎದ್ದು ನಿಂತ. ಧಣಿಗೆ ಬೆನ್ನು ಮಾಡಿ, ಬಾಗಿಲ ಕಡೆ ತಿರುಗಿ, ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಹೇಳಿದ.

ಕತ್ತಲಲ್ಲಿ ಉಡಚವ್ವ ತಗ್ಗಿನ ಮೇಲೆ ಅಂಗೈ ಊರಿಕೊಂಡು ಕೂತಿದ್ದಳು. ಅವಳಿಗೆ ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು.